ಹೆಣ ತೊಳೆಯುವವಳು ಬಾಯಿಬಿಟ್ಟ ದಿನ

ಪಾಯಿನಾಳ ತೊಡೆಸಂದಿಯ ಗಂಟು ನನ್ನ ಬೆರಳಿಗೆ ಸಿಕ್ಕಾಗಲೂ ನಾನು ನೀರು ಹೊಯ್ಯುವುದನ್ನು ನಿಲ್ಲಿಸಲಿಲ್ಲ. ಅವಳ ತಾಯಿ ಎದುರಿಗೇ ಕೂತಿದ್ದಳು. ನಿಲ್ಲಿಸಿದರೆ ಅವಳಿಗೆ ತಿಳಿದುಹೋಗುತ್ತದೆ ಎಂದುಕೊಂಡೆ. ಆದರೂ ತಿಳಿಯಿತು. ಚಿಪ್ಪಿನ ಸೌಟು ಹಿಡಿದಿದ್ದ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕಾ, ನೀನೇನೂ ನೋಡ್ಲಿಲ್ಲ."

"ನಾನು ಯಾವತ್ತು ನೋಡಿದ್ದೀನಿ?" ಅಂದೆ.

ಜಾವಾದ ಸೆಮಾರಂಗಿನ ಪಂಡನ್ ಕೇರಿಯಲ್ಲಿ ಸತ್ತ ಹೆಂಗಸರನ್ನು ಹದಿನೇಳು ವರ್ಷದಿಂದ ತೊಳೆದು ಕಫನ್ ಸುತ್ತುತ್ತಿದ್ದವಳು ನಾನು, ವಾಗಿಯೆಮ್. ಗಂಡಸರನ್ನು ತೊಳೆಯಲು ಸರಿಬಿನ್ ಇದ್ದ. ನನಗೆ ಈ ಕೆಲಸ ಕಲಿಸಿದವಳು ನನ್ನ ಅತ್ತೆ. ಹೆಣದ ಮೈಮೇಲೆ ಕಂಡದ್ದನ್ನು ಹೊರಗೆ ಆಡಿದವಳ ಮೈಯನ್ನು ದೇವರು ಎಲ್ಲರೆದುರು ಬಯಲು ಮಾಡುತ್ತಾನೆ ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಯಾರ ಬೆನ್ನಮೇಲೆ ಗಂಡನ ಬೆತ್ತದ ಬಾಸುಂಡೆ ಇತ್ತು, ಮದುವೆಯಾಗದ ಯಾವ ಹೆಣ್ಣಿನ ಹೊಟ್ಟೆಯಲ್ಲಿ ಬಸಿರಿನ ಗೆರೆಗಳಿದ್ದವು, ಎಲ್ಲ ನನಗೆ ಗೊತ್ತು. ಅವು ನನ್ನ ಜೊತೆಗೇ ಮಣ್ಣಿಗೆ ಹೋಗಬೇಕು.

ಪಾಯಿನಾಗೆ ಹತ್ತೊಂಬತ್ತು ವರ್ಷ. ಬಾಟಿಕ್ ಬಟ್ಟೆಯ ಮೇಲೆ ಮೇಣದಲ್ಲಿ ಚಿತ್ರ ಬರೆಯುತ್ತಿದ್ದಳು. ಮೂರು ದಿನದ ಜ್ವರಕ್ಕೆ ಹೋದಳು. ಕೇರಿಯ ಯಜಮಾನ ಕೆರ್ತೊ ಬಂದು, ಹೊಸಿಲಿನ ಆಚೆಗೇ ನಿಂತು, 'ಕೆಮ್ಮು' ಎಂದು ಚೀಟಿ ಬರೆದುಕೊಟ್ಟ. ಆ ಚೀಟಿ ಇದ್ದರೆ ಹೂಳಬಹುದು. ಜ್ವರ ಎಂದು ಬರೆದರೆ ಪ್ಲೇಗಿನ ಮಂತ್ರಿ ಬರುವವರೆಗೆ ಹೆಣ ಕಾಯಬೇಕು.

ಮಂತ್ರಿ ಎಂದರೆ ಆಸ್ಥಾನದವನೇನಲ್ಲ. ಡಚ್ಚರ ಆರೋಗ್ಯ ಕಚೇರಿಯ ಚಿಕ್ಕ ನೌಕರ, ನಮ್ಮಂಥ ಜಾವಾದವನೇ. ಹೆಸರು ದುಲ್ಕಾಮಿದ್. ಬಿಳಿ ಕೋಟು, ತಲೆಗೆ ಬಾಟಿಕ್ ರುಮಾಲು, ಕಾಲಿಗೆ ಬೂಟು, ಕೈಯಲ್ಲಿ ತಗಡಿನ ಪೆಟ್ಟಿಗೆ. ಹೆಣದ ಎಡಪಕ್ಕೆಗೆ ಗೇಣುದ್ದದ ಟೊಳ್ಳು ಸೂಜಿ ಚುಚ್ಚಿ, ಒಳಗಿನ ಗುಲ್ಮದ ಒಂದು ಚೂರನ್ನು ಗಾಜಿನ ಸೀಸೆಗೆ ಹಾಕಿಕೊಂಡು ಹೋಗುತ್ತಿದ್ದ. ಪ್ಲೇಗು ಎಂದು ಗೊತ್ತಾದರೆ ಇಡೀ ಸಾಲಿನ ಮನೆಗಳನ್ನು ಖಾಲಿ ಮಾಡಿಸಿ, ಸೂರು ಇಳಿಸಿ, ಬಿದಿರೆಲ್ಲ ಸೀಳಿ, ಜನರನ್ನು ಊರಾಚೆಯ ಶೆಡ್ಡುಗಳಿಗೆ ಕಳಿಸುತ್ತಿದ್ದರು. ಬಿದಿರಿನ ಟೊಳ್ಳಿನಲ್ಲಿ ಇಲಿ ಗೂಡು ಕಟ್ಟುತ್ತವೆ, ಇಲಿಯ ಚಿಗಟದಿಂದ ರೋಗ ಬರುತ್ತದೆ ಎಂದು ಅವರು ಹೇಳುತ್ತಿದ್ದರು.

ನಮ್ಮವರು ಹೇಳುತ್ತಿದ್ದುದು ಬೇರೆ. ಚುಚ್ಚಿದ ಹೆಣ ಗೋರಿಯಲ್ಲಿ ದೇವದೂತರ ಪ್ರಶ್ನೆಗೆ ಉತ್ತರ ಕೊಡಲಾರದು. ರೋಗ ಇರುವುದೇ ಆ ತಗಡಿನ ಪೆಟ್ಟಿಗೆಯಲ್ಲಿ. ಮನೆ ಕೀಳುವುದು ನೆಪ, ಜಾಗವೆಲ್ಲ ಗೋದಾಮು ಕಟ್ಟುವವರಿಗೆ ಹೋಗುತ್ತದೆ. ನಾನೂ ನಂಬಿದ್ದೆ. ಮಹಾಯುದ್ಧ ಮುಗಿದು ಎಂಟು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಬೂಟು ಹಾಕಿಕೊಂಡು ಕೇರಿಯೊಳಗೆ ಬಂದವರು ಯಾರೂ ಏನನ್ನೂ ಕೊಡಲು ಬಂದವರಲ್ಲ.

ಪಾಯಿನಾಳನ್ನು ಹೂಳಿದ ಮೂರನೆಯ ದಿನ ನಾನು ಗಿನೆಮ್‌ಳ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಗಿನೆಮ್ ನನ್ನ ಗೆಳತಿ. ಬೇಯಿಸಿದ ಸೊಪ್ಪಿಗೆ ಕಡಲೆಕಾಯಿಯ ಖಾರದ ಗೊಜ್ಜು ಹಾಕಿ ಬಾಳೆಲೆಯಲ್ಲಿ ಕಟ್ಟಿ ಮಾರುತ್ತಿದ್ದಳು. ಪಕ್ಕದಲ್ಲಿ ಅವಳ ಆರು ವರ್ಷದ ಮಗಳು ಸರ್ತಿ ಬಾಳೆಲೆ ಒರೆಸುತ್ತಿದ್ದಳು. ನಾಲ್ಕೈದು ಜನ ತಿನ್ನುತ್ತಿದ್ದರು. ಅಷ್ಟರಲ್ಲಿ ದುಲ್ಕಾಮಿದ್ ಬಂದ. ಎಲ್ಲರೂ ಅವನ ಪೆಟ್ಟಿಗೆಯಿಂದ ಕಾಲು ಸರಿಸಿಕೊಂಡರು.

"ಬನ್ನಿ ಇಲಿಮಂತ್ರಿಗಳೇ," ಅಂದಳು ಗಿನೆಮ್. ಅವಳ ನಾಲಗೆಗೆ ಹೆದರಿಕೆ ಇರಲಿಲ್ಲ. "ನಿಮ್ಗೆ ಮೆಣಸಿನಕಾಯಿ ಎಷ್ಟು? ಪೆಟ್ಟಿಗೇಲಿರೋರ್ಗೂ ಬೇಕಾ?"

"ಎರಡು ಸಾಕು," ಅಂದ ಅವನು, ನಗದೆ. ಎಲೆ ಕೈಗೆ ತೆಗೆದುಕೊಂಡು, ಯಾರನ್ನೂ ನೋಡದೆ ಕೇಳಿದ. "ಪಾಯಿನಾಗೆ ಕೆಮ್ಮು ಎಷ್ಟು ದಿನದಿಂದ ಇತ್ತು?"

ಬೆಂಚಿನ ಮೇಲೆ ಅಗಿಯುವ ಸದ್ದು ನಿಂತಿತು. ಪಾಯಿನಾಳ ಹೆಸರನ್ನು ಅವನಿಗೆ ಹೇಳಿದವರು ಯಾರು? ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿನೆಮ್ ಮಾತ್ರ ಗೊಜ್ಜು ಅರೆಯುತ್ತಲೇ, "ಕೆಮ್ಮಿಗೆ ಲೆಕ್ಕ ಇಡೋರ್ಯಾರು? ಹೊಗೆಯೊಳಗೆ ಮೇಣ ಕಾಯ್ಸೋ ಹುಡ್ಗಿ," ಅಂದಳು.

ನಾನು ಎದ್ದು ಬಾವಿಯ ಕಡೆ ಹೋದೆ. ಅವನು ಹಿಂದೆಯೇ ಬಂದ.

"ಅಮ್ಮಾ, ನೀವು ತೊಳೆಯುವಾಗ ಎಲ್ಲ ನೋಡ್ತೀರಿ. ತೊಡೆಯಲ್ಲೋ ಕಂಕುಳಲ್ಲೋ ಗಂಟು ಇತ್ತಾ? ಅಷ್ಟು ಹೇಳಿ."

"ನಾನು ಕಣ್ಣು ಮುಚ್ಕೊಂಡು ತೊಳೀತೀನಿ."

"ಸೂಜಿ ನನಗೂ ಇಷ್ಟ ಇಲ್ಲ. ನೀವು ಹೇಳಿದ್ರೆ ನಾನು ಚುಚ್ಚೋದು ಕಡಿಮೆಯಾಗತ್ತೆ."

"ಚುಚ್ಚಿ ತೆಗೆದ ಚೂರನ್ನ ಆಮೇಲೆ ಏನ್ಮಾಡ್ತೀರಿ?"

"ಗಾಜಿಗೆ ಸವರಿ ನೋಡ್ತಾರೆ."

"ನೋಡಿದ್ಮೇಲೆ?"

"ಸುಡ್ತಾರೆ," ಅಂದ.

"ಮುಸಲ್ಮಾನರ ಮೈ ಸುಡ್ತೀರಿ. ಇನ್ನು ನನ್ನ ಹತ್ರ ಏನು ಕೇಳ್ತೀರಿ?" ಎಂದು ಕೊಡ ಎತ್ತಿಕೊಂಡೆ. ಹೊರಡುವಾಗ ತಡೆಯಲಾರದೆ ಕೇಳಿಬಿಟ್ಟೆ. "ನಿಮ್ಗೆ ಹೇಳಿದ್ದು ಯಾರು?"

"ಯಾರೂ ಹೇಳಿಲ್ಲ. ದಿನಾ ಬೆಳಿಗ್ಗೆ ಖಬರಸ್ತಾನಕ್ಕೆ ಹೋಗಿ ಹಸಿ ಮಣ್ಣಿನ ಗೋರಿ ಎಣಿಸ್ತೀನಿ. ಒಂದೂವರೆ ತಿಂಗಳಲ್ಲಿ ನಿಮ್ಮ ಕೇರಿಯವು ಐದು. ಹೆಸರು ಗೋರಿ ತೋಡೋನಿಗೆ ಗೊತ್ತಿರುತ್ತೆ. ಐದೂ ಕೆಮ್ಮು, ಹೊಟ್ಟೆನೋವು."

ಅವನ ಮಾತನ್ನು ನಾನು ನಂಬಲಿಲ್ಲ. ಆದರೆ ನಾವಿಬ್ಬರೂ ಬಾವಿಕಟ್ಟೆಯ ಬಳಿ ಮಾತಾಡಿದ್ದನ್ನು ನೋಡಿದ ಹೆಂಗಸರು, ಅಲ್ಲಿ ನಡೆದ ಮಾತು ಏನೆಂದು ತಮಗೆ ಬೇಕಾದಂತೆ ನಂಬಿದರು.

ಮರುದಿನದಿಂದ ನನಗೆ ಒಲೆಗೆ ಕೆಂಡ ಕೊಡುವವರಿಲ್ಲ. ಅಂಗಡಿಯ ಬೆಂಚಿನಲ್ಲಿ ನಾನು ಕೂತರೆ ಪಕ್ಕದವರು ಏಳುತ್ತಿದ್ದರು. ಪಾಯಿನಾಳ ತಾಯಿ ನನ್ನ ಬೇಲಿಯ ಮುಂದೆ ನಿಂತು, "ಸತ್ತೋಳ ಮಾನ ಮಾರ್ಕೊಂಡೋಳು," ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೋದಳು. ನಾನು ಹೇಳಿಲ್ಲ ಎಂದು ಹೇಳಲು ಗಿನೆಮ್‌ಳ ಬಳಿ ಹೋದೆ. ಅವಳು ಎಲೆ ಕಟ್ಟುತ್ತ ತಲೆ ಎತ್ತಲಿಲ್ಲ.

"ಗಿನೆಮ್, ನೀನಾದ್ರೂ..."

"ಅಕ್ಕಾ, ನೀ ಹೇಳಿಲ್ಲ ಅಂತ ನಾ ನಂಬ್ತೀನಿ," ಅಂದಳು. "ಆದ್ರೆ ಸ್ವಲ್ಪ ದಿನ ಇಲ್ಲಿಗೆ ಬರ್ಬೇಡ. ಗಿರಾಕಿ ಬರ್ತಿಲ್ಲ."

ಮಾತು ಒಳ್ಳೆಯದೇ. ಆದರೆ ಅವಳು ಮಗಳನ್ನು ನನ್ನ ಹತ್ತಿರದಿಂದ ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡದ್ದನ್ನು ನೋಡಿದೆ.

ಒಂಟಿಯಾದವಳಿಗೆ ನೋಡುವುದಕ್ಕೆ ಹೊತ್ತು ಬಹಳ ಸಿಗುತ್ತದೆ. ನಾನು ಎಲ್ಲರನ್ನೂ ನೋಡತೊಡಗಿದೆ. ಸತ್ತವರ ಮನೆಗಳು ಎಲ್ಲಿವೆ ಎಂದು ನೋಡಿದೆ. ಎಲ್ಲವೂ ಯಜಮಾನ ಕೆರ್ತೊನ ಅಕ್ಕಿ ಮಂಡಿಯ ಹಿಂಗೋಡೆಗೆ ತಾಗಿದ ನಮ್ಮ ಓಣಿಯಲ್ಲೇ. ಹೊಳೆಯ ಹತ್ತಿರ ಸರಿಬಿನ್ ಸಿಕ್ಕಿದ; ಹೆಣ ತೊಳೆದ ಪಾತ್ರೆಗಳನ್ನು ಬೂದಿ ಹಾಕಿ ಉಜ್ಜುತ್ತಿದ್ದ. ಅವನಿಗೂ ನನ್ನದೇ ಆಣೆ. ನಾನು ಏನೂ ಕೇಳದೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಬಹಳ ಹೊತ್ತಾದ ಮೇಲೆ ಅವನು ಒದ್ದೆ ಕೈಯ ಎರಡು ಬೆರಳು ಎತ್ತಿ ತೋರಿಸಿ, ಆ ಕೈಯನ್ನು ತನ್ನ ತೊಡೆಸಂದಿಯ ಮೇಲಿಟ್ಟು ತೆಗೆದ. ನಾನು ಮೂರು ಬೆರಳು ಎತ್ತಿದೆ. ಅವನು ಪಾತ್ರೆ ಎತ್ತಿಕೊಂಡು ಹೋಗಿಬಿಟ್ಟ. ಒಟ್ಟು ಐದು. ಆ ಮಂತ್ರಿ ಎಣಿಸಿದ ಗೋರಿಗಳೂ ಐದು.

ನಾಲ್ಕು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಯಜಮಾನನ ಮನೆಯೆದುರು ಕುದುರೆಗಾಡಿ ನಿಂತಿತ್ತು. ಅವನ ಹೆಂಡತಿ, ಮೂರು ಮಕ್ಕಳು, ಚಾಪೆಯ ಸುರುಳಿ, ಬುಟ್ಟಿಯಲ್ಲಿ ಕೋಳಿ. ಗಾಡಿ ದಕ್ಷಿಣದ ಗುಡ್ಡದ ಕಡೆ ಹೊರಡುವುದರಲ್ಲಿತ್ತು.

"ಎಲ್ಲಿಗೆ ಯಜಮಾನ್ರೇ?" ಎಂದು ಬೇಲಿಯಾಚೆಯಿಂದ ಕೇಳಿದೆ.

"ಅವಳ ತಮ್ಮನ ಮದುವೆ," ಅಂದ. "ಹತ್ತು ದಿನ ಇದ್ದು ಬರ್ತಾರೆ."

"ಒಳ್ಳೇದು," ಅಂದೆ.

ಮನೆಗೆ ಬಂದು ಕೂತು ತಿಂಗಳು ಲೆಕ್ಕ ಹಾಕಿದೆ. ಅದು ಸುರಾ ತಿಂಗಳು. ಸುರಾ ತಿಂಗಳಲ್ಲಿ ಜಾವಾದಲ್ಲಿ ಯಾರ ಮನೆಯಲ್ಲೂ ಮದುವೆ ನಡೆಯುವುದಿಲ್ಲ. ಭಿಕ್ಷೆಯವನೂ ಮಗಳನ್ನು ಕೊಡುವುದಿಲ್ಲ. ನಮಗೆಲ್ಲ 'ಕೆಮ್ಮು' ಎಂದು ಬರೆದುಕೊಟ್ಟವನು ತನ್ನ ಮಕ್ಕಳನ್ನು ಮಾತ್ರ ಗುಡ್ಡಕ್ಕೆ ಕಳಿಸುತ್ತಿದ್ದ. ನಮ್ಮ ಸೂರು ಉಳಿಸುತ್ತಾನೆ ಎಂದು ಅವನಿಗೆ ಕೈ ಮುಗಿದವರು ನಾವು. ಪ್ಲೇಗು ಎಂದು ಒಂದು ಚೀಟಿ ಹೋದರೂ ಮೊದಲು ಬೀಗ ಬೀಳುವುದು ಅವನ ಮಂಡಿಗೆ ಎಂದು ಆಗ ಹೊಳೆಯಿತು.

ಇದನ್ನು ಯಾರಿಗೆ ಹೇಳುವುದು? ನನ್ನ ಮಾತು ಕೇಳುವವರು ಕೇರಿಯಲ್ಲಿ ಒಬ್ಬರೂ ಉಳಿದಿರಲಿಲ್ಲ.

ಅದೇ ದಿನ ಗಿನೆಮ್‌ಳ ಅಂಗಡಿ ತೆರೆದಿರಲಿಲ್ಲ. ಸಂಜೆ ಹೋದೆ. ಅವಳ ಗಂಡ ತರ್ವಿ ಬಾಗಿಲಿಗೆ ಅಡ್ಡ ನಿಂತ. ಬಂದರಿನಲ್ಲಿ ಮೂಟೆ ಹೊರುವವನು, ಬಾಗಿಲು ತುಂಬುವಷ್ಟು ಮೈ.

"ಅವ್ಳಿಗೆ ಹೇಗೈತೆ?"

"ಚೆನ್ನಾಗವ್ಳೆ. ಮಲಗವ್ಳೆ."

"ಜ್ವರಾನಾ?"

"ಸುಸ್ತು. ನೀ ಮೂಸಿ ನೋಡ್ಕೊಂಡು ಹೋಗಿ ಯಾರಿಗೆ ಹೇಳ್ಬೇಕು ಅಂತೀಯ? ಹೋಗು."

ಒಳಗಿನಿಂದ ಗಿನೆಮ್‌ಳ ನರಳಿಕೆ ಕೇಳುತ್ತಿತ್ತು. ಮಾತು ಬಡಬಡಿಸುತ್ತಿದ್ದಳು, ಯಾವುದೋ ಗಿರಾಕಿಗೆ ಖಾರ ಎಷ್ಟು ಎಂದು ಕೇಳುತ್ತಿದ್ದಳು. ತರ್ವಿಯ ಮುದಿ ತಾಯಿ ಬಟ್ಟೆ ಒದ್ದೆ ಮಾಡಿಕೊಂಡು ಓಡಾಡುತ್ತಿದ್ದಳು. ನಾನು ಅಲ್ಲೇ ನಿಂತೆ. ತರ್ವಿ ಬಾಗಿಲು ಹಾಕಿಕೊಂಡ.

ಎರಡನೆಯ ಬೆಳಿಗ್ಗೆ ಅವನೇ ಬಂದ. ಕಣ್ಣು ಕೆಂಪಾಗಿದ್ದವು. ಹೆಂಗಸನ್ನು ತೊಳೆಯಲು ಕೇರಿಯಲ್ಲಿ ನನ್ನನ್ನು ಬಿಟ್ಟರೆ ಬೇರೆಯವರಿಲ್ಲ.

"ತೊಳಿ," ಅಂದ. "ಬಾಯಿ ಮುಚ್ಕೊಂಡು ತೊಳಿ. ಚೀಟಿ ಆಗ್ಲೇ ಬಂದೈತೆ."

ಚೀಟಿಯಲ್ಲಿ ಹೊಟ್ಟೆನೋವು ಎಂದಿತ್ತು.

ಗಿನೆಮ್‌ಳ ಕೂದಲು ಬಿಡಿಸಿದೆ, ಬಾಯಿ ಒರೆಸಿದೆ, ಬೆರಳಿನ ಉಗುರಿನೊಳಗಿನ ಕಡಲೆಕಾಯಿ ಗೊಜ್ಜಿನ ಹಳದಿಯನ್ನು ಕಡ್ಡಿಯಿಂದ ತೆಗೆದೆ. ಬಲಗಡೆ ತೊಳೆದು ಎಡಗಡೆಗೆ ಬಂದಾಗ ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಂಟು ಇತ್ತು. ಮೇಲಿನ ಚರ್ಮ ಕಪ್ಪಾಗಿತ್ತು. ನಾನು ಮೂರು ಸಲ, ಐದು ಸಲ ನೀರು ಹೊಯ್ದೆ. ಕರ್ಪೂರದ ನೀರು ಹೊಯ್ದೆ. ಐದು ಬಟ್ಟೆ ಸುತ್ತಿ ಗಂಟು ಹಾಕಿದೆ. ಹೊರಗೆ ಬಂದಾಗ ಸರ್ತಿ ಗೋಡೆಗೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ. ಕುತ್ತಿಗೆಯನ್ನು ಒಂದು ಕಡೆ ವಾಲಿಸಿಕೊಂಡಿದ್ದಳು. ಹಣೆ ಮುಟ್ಟಿದೆ. ಬಾಣಲೆಯ ಹಾಗೆ ಸುಡುತ್ತಿತ್ತು.

"ಕತ್ತು ಯಾಕೆ ಹಂಗೆ ಇಟ್ಕೊಂಡಿದ್ದೀಯ ಮಗಾ?"

"ನೋಯ್ತದೆ," ಅಂದಳು.

ಗಂಡಸರು ಚಟ್ಟದ ಬಿದಿರು ಕಟ್ಟುತ್ತಿದ್ದರು. ಯಾರೂ ನನ್ನನ್ನು ನೋಡಲಿಲ್ಲ. ನಾನು ಕೈ ತೊಳೆದುಕೊಂಡು ಬೇಲಿ ದಾಟಿದೆ. ಮನೆಯ ಕಡೆ ತಿರುಗಬೇಕಾದ ಕಡೆ ತಿರುಗಲಿಲ್ಲ. ನನ್ನ ಅತ್ತೆಯ ಮಾತು ನೆನಪಾಯಿತು. ನನ್ನ ಮೈ ಬಯಲಾಗುವುದಾದರೆ ಆಗಲಿ ಎಂದುಕೊಂಡೆ ಎಂದು ಹೇಳಿದರೆ ಸುಳ್ಳಾದೀತು. ಹೆದರಿಕೆ ಇದ್ದೇ ಇತ್ತು. ಆ ಮಗುವಿನ ವಾಲಿದ ಕುತ್ತಿಗೆಯೊಂದೇ ಕಣ್ಣಮುಂದೆ ಇತ್ತು.

ದುಲ್ಕಾಮಿದ್‌ನ ಕಚೇರಿ ಮಾರುಕಟ್ಟೆಯ ಕೊನೆಯ ಒಂದು ಕೋಣೆ. ಅವನು ಅನ್ನದ ಎಲೆ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದ.

"ಎಡಗಂಕುಳು," ಅಂದೆ. "ನಿಂಬೆಹಣ್ಣಿನಷ್ಟು ಐತೆ. ಮಗಳ ಮೈಯೂ ಸುಡ್ತಾ ಐತೆ."

"ಯಾರಿಗೆ?"

"ಗಿನೆಮ್."

ಅವನ ಕೈ ಅನ್ನದಲ್ಲೇ ನಿಂತಿತು. "ಸೊಪ್ಪು ಮಾರೋರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೆಟ್ಟಿಗೆ ತೆಗೆದುಕೊಂಡ.

ಇಬ್ಬರು ಪೊಲೀಸರ ಜೊತೆ ಅವನು ಬರುವಾಗ ನಾನು ಅವರ ಹಿಂದೆ ಇರಲಿಲ್ಲ, ಮುಂದೆ ಇದ್ದೆ. ಅಡಗಿಕೊಳ್ಳುವುದರಲ್ಲಿ ಅರ್ಥ ಉಳಿದಿರಲಿಲ್ಲ. ಕೇರಿಯ ಜನ ಎರಡು ಪಕ್ಕಕ್ಕೂ ಸರಿದು ನಿಂತರು. ಯಾರೋ ಉಗುಳಿದರು. ತರ್ವಿ ಕೊಡಲಿ ತರಲು ಓಡಿದ. ಸರಿಬಿನ್ ಅವನನ್ನು ಹಿಂದಿನಿಂದ ತಬ್ಬಿ ಹಿಡಿದುಕೊಂಡ.

"ನನ್ ಹೆಂಡ್ತಿನ ಕುಯ್ಸೋಕೆ ಕರ್ಕೊಂಡು ಬಂದ್ಯಾ? ಅವ್ಳ ಕೈಯಡಿಗೆ ಉಂಡೋಳು ನೀನು!" ಎಂದು ತರ್ವಿ ಕೂಗುತ್ತಿದ್ದ.

ನಾನು ಕಟ್ಟಿದ ಗಂಟನ್ನು ನಾನೇ ಬಿಚ್ಚಿದೆ. ಬೇರೆ ಯಾರ ಕೈಯೂ ಅವಳ ಮೈ ತೆರೆಯುವುದು ಬೇಡ ಎಂದೆ. ದುಲ್ಕಾಮಿದ್ ಮಂಡಿಯೂರಿ, ಏನೋ ಪ್ರಾರ್ಥನೆ ಹೇಳಿಕೊಂಡು ಸೂಜಿ ಇಳಿಸಿದ. ಅದರ ಸದ್ದು ಕೇಳಬಾರದೆಂದು ನಾನು ಗಿನೆಮ್‌ಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಜೋರಾಗಿ ಪ್ರಾರ್ಥನೆ ಹೇಳಿದೆ. ಆದರೂ ಕೇಳಿತು. ಆಮೇಲೆ ತೂತಿನ ಮೇಲೆ ಹತ್ತಿ ಇಟ್ಟು, ಆ ಜಾಗವನ್ನು ಮತ್ತೆ ತೊಳೆದು ಸುತ್ತಿದೆ.

ಸರ್ತಿಯನ್ನು ಮುಚ್ಚಿದ ಗಾಡಿಯಲ್ಲಿ ಊರಾಚೆಯ ಆಸ್ಪತ್ರೆಗೆ ಒಯ್ದರು. ಅವಳ ಅಜ್ಜಿ ಗಾಡಿಯ ಹಿಂದೆ ಸೇತುವೆಯವರೆಗೂ ಓಡಿದಳು. ಎರಡು ದಿನಕ್ಕೆ ಉತ್ತರ ಬಂತು: ಪ್ಲೇಗು. ನಮ್ಮ ಓಣಿಯ ಇಪ್ಪತ್ತಮೂರು ಮನೆಯವರನ್ನೂ ಶೆಡ್ಡಿಗೆ ಕಳಿಸಿದರು. ಸೂರು ಇಳಿಸುವಾಗ ಮನೆಗೊಬ್ಬರಂತೆ ನಿಂತು ನೋಡಲು ಬಿಟ್ಟರು.

ಅಕ್ಕಿ ಮಂಡಿಯ ಹಿಂಗೋಡೆಯ ಬಳಿ ಮೂಟೆ ಸರಿಸಿದಾಗ ಒಣಗಿ ಚಪ್ಪಟೆಯಾದ ಇಲಿಗಳು ನಲವತ್ತಕ್ಕೂ ಹೆಚ್ಚು ಸಿಕ್ಕವು. ಯಜಮಾನ ಕೆರ್ತೊ ಜನರ ಕಡೆ ತಿರುಗಿ, "ನೋಡ್ಕೊಳ್ರಪ್ಪಾ, ನಿನ್ನೆ ರಾತ್ರಿ ಇವೆಲ್ಲ ಇಲ್ಲಿರ್ಲಿಲ್ಲ. ಆ ಇಲಿಮಂತ್ರಿ ಪೆಟ್ಟಿಗೇಲಿ ತಂದು ಸುರಿದವ್ನೆ," ಅಂದ. ಕೆರ್ತೊನನ್ನು ಯಜಮಾನಿಕೆಯಿಂದ ತೆಗೆದರು. ಕೇರಿಯ ಅರ್ಧ ಜನ ಅವನ ಮಾತನ್ನೇ ನಂಬಿದರು, ಇವತ್ತಿಗೂ ನಂಬುತ್ತಾರೆ.

ನನ್ನ ಮನೆಯ ಸರದಿ ಮಾರನೆಯ ದಿನ. ನಾನು ಮಲಗುವ ಮಂಚದ ಬಿದಿರಿನ ಕಾಲನ್ನು ಆಳು ಸೀಳಿದಾಗ ಒಳಗಿಂದ ಒಂದು ಗೂಡು ಬಿತ್ತು. ಅದರಲ್ಲಿ ನಾಲ್ಕು ಮರಿಗಳು, ಎಲ್ಲ ಸತ್ತಿದ್ದವು. ಗೂಡು ಕಟ್ಟಿದ್ದು ಬಿಳಿ ಬಟ್ಟೆಯ ಎಳೆಗಳಿಂದ. ಕಫನ್ ಕತ್ತರಿಸಿ ಉಳಿದ ಚೂರುಗಳನ್ನು ನಾನು ಮಂಚದ ಕೆಳಗೆ ಬುಟ್ಟಿಯಲ್ಲಿ ಇಡುತ್ತಿದ್ದೆ, ಕೈ ಒರೆಸಲು ಬೇಕಾಗುತ್ತದೆ ಎಂದು. ಆ ಬಟ್ಟೆಯಲ್ಲೇ ಹೆಣ ಒರೆಸಿ, ಒಗೆದು, ಇನ್ನೊಂದು ಮನೆಗೆ ಒಯ್ಯುತ್ತಿದ್ದೆ. ಪಾಯಿನಾಳ ಮನೆಗೆ ಯಾರ ಮನೆಯಿಂದ ಹೋದೆ? ಅದಕ್ಕೂ ಮೊದಲು ಯಾರ ಮನೆಯಿಂದ? ಗಿನೆಮ್‌ಳ ಬೆಂಚಿನಲ್ಲಿ ದಿನಾ ಕೂರುತ್ತಿದ್ದವಳೂ ನಾನೇ.

ದುಲ್ಕಾಮಿದ್‌ನನ್ನು ಪಕ್ಕಕ್ಕೆ ಕರೆದು ಕೇಳಿದೆ. "ನಾನೇ ಹೊತ್ತುಕೊಂಡು ಓಡಾಡಿದ್ನಾ?"

ಅವನು ಗೂಡನ್ನು ಕಡ್ಡಿಯಿಂದ ತಿರುಗಿಸಿ ನೋಡಿದ. "ಹೇಳೋಕಾಗಲ್ಲ ಅಮ್ಮಾ," ಅಂದ.

"ಅಲ್ಲ ಅಂತ ಹೇಳೋಕಾಗಲ್ವಾ?"

"ಅದೂ ಆಗಲ್ಲ."

ಅವನು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಅಂದಿನಿಂದ ಅವನ ಮಾತನ್ನು ನಾನು ನಂಬತೊಡಗಿದೆ.

ಶೆಡ್ಡಿನಲ್ಲಿ ಎರಡೂವರೆ ತಿಂಗಳಿದ್ದೆವು. ಮತ್ತೆ ಮೂವರು ಸತ್ತರು, ಮೂವರೂ ಮೊದಲ ವಾರದಲ್ಲೇ. ಆಮೇಲೆ ಯಾರೂ ಸಾಯಲಿಲ್ಲ. ಸರ್ತಿ ಹತ್ತೊಂಬತ್ತನೆಯ ದಿನ ಕುತ್ತಿಗೆಯಲ್ಲಿ ಸುರುಟಿದ ಗಾಯದ ಕಲೆಯೊಂದಿಗೆ ವಾಪಸು ಬಂದಳು. ಆಸ್ಪತ್ರೆ ಉಳಿಸಿತು ಎಂದು ಕೆಲವರು. ಹೇಗಿದ್ದರೂ ಉಳಿಯುತ್ತಿದ್ದಳು, ತಾಯಿಗೆ ಮಾತ್ರ ಸುಮ್ಮನೆ ತೂತು ಬಿತ್ತು ಎಂದು ಉಳಿದವರು. ಹಲಗೆ ಗೋಡೆಯ, ಹೆಂಚಿನ ಮನೆಗಳಿಗೆ ಹಿಂದಿರುಗಿದೆವು. ಮಳೆ ಬಂದರೆ ಹೆಂಚಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ನನ್ನ ಜೊತೆ ಮಾತಾಡುವವರೂ ಇರಲಿಲ್ಲ. ಹೆಂಗಸರು ಸತ್ತರೆ ಪಕ್ಕದ ಕೇರಿಯಿಂದ ಒಬ್ಬಳನ್ನು ಕರೆಸುತ್ತಿದ್ದರು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ತರ್ವಿ ನನ್ನ ಬೇಲಿಯ ಹತ್ತಿರ ಬಂದು ನಿಂತ.

"ಅವ್ವ ಹೋದ್ಲು," ಅಂದ.

"ಎಷ್ಟು ದಿನದ ಜ್ವರ?"

"ಜ್ವರ ಇರ್ಲಿಲ್ಲ. ವಯಸ್ಸಾಗಿತ್ತು."

ನಾನು ಅವನ ಮುಖವನ್ನೇ ನೋಡಿದೆ. ನಾನು ನಂಬಿಲ್ಲ ಎಂಬುದು ಅವನಿಗೂ ತಿಳಿಯಿತು. ಅವನು ಬೇಲಿಯ ಗೂಟವನ್ನು ಅಲ್ಲಾಡಿಸುತ್ತ ನಿಂತ.

"ನೀನೇ ಬಂದು ನೋಡು," ಅಂದ. "ಕಂಕುಳು, ತೊಡೆ, ಎಲ್ಲಾ ನೋಡು. ಇದ್ರೆ ಇದೆ ಅನ್ನು. ನಾನೇ ಹೋಗಿ ಆ ಮಂತ್ರೀನ ಕರ್ಕೊಂಡು ಬರ್ತೀನಿ. ಮನೇಲಿ ಸರ್ತಿ ಅವ್ಳೆ."

ಹೋದೆ. ಬಟ್ಟೆಯ ಮರೆ ಕಟ್ಟಿಸಿ ಮುದುಕಿಯ ಮೈ ತೊಳೆದೆ. ಎಲ್ಲ ಕಡೆ ಬೆರಳಾಡಿಸಿದೆ. ಒಣಗಿದ ಮೈ, ಸೊಂಟದ ಮೇಲೆ ಹಳೆಯ ಸುಟ್ಟ ಕಲೆ. ಬೇರೇನೂ ಇರಲಿಲ್ಲ.

"ಏನಾದ್ರೂ ಸಿಕ್ತಾ?" ಎಂದು ಮರೆಯ ಆಚೆಯಿಂದ ತರ್ವಿ ಕೇಳಿದ.

"ಇಲ್ಲ."

ಮತ್ತೆ ಕೇಳಿದ. "ನಿಜ ಹೇಳ್ತಿದ್ದೀಯಾ ಅಕ್ಕಾ?"

ನಾನು ಮುದುಕಿಯ ಮೈಗೆ ಬಟ್ಟೆ ಹೊದಿಸಿ, ಮರೆಯ ಅಂಚು ಸರಿಸಿ ಅವನನ್ನು ಒಳಗೆ ಕರೆದೆ. ಅವನು ಬಗ್ಗಿ, ತಾಯಿಯ ಎರಡೂ ಕಂಕುಳನ್ನು ತನ್ನ ಬೆರಳಿನಿಂದಲೇ ಮೆಲ್ಲಗೆ ಒತ್ತಿ ನೋಡಿದ. ಆಮೇಲೆ ಖಾಲಿ ಕೊಡ ಎತ್ತಿಕೊಂಡು ಇನ್ನಷ್ಟು ನೀರು ತರಲು ಬಾವಿಗೆ ಹೋದ.